ಸಾಕುಕೋಳಿಗಳ ರೋಗಗಳೂ ಮನೆಮದ್ದುಗಳೂ

ನಮ್ಮ ಗ್ರಾಮಗಳಲ್ಲಿ ಹಿತ್ತಿಲಕೋಳಿಯಿಲ್ಲದ ಕೇರಿ ವಿರಳ. ಕೋಳಿ ಮೊಟ್ಟೆಗಳಿಂದ ಬರುವ ಹಣವು ಬಹುಮಟ್ಟಿಗೆ ಮನೆಯ ಹೆಂಗಸರ ಕೈಸೇರತಕ್ಕದ್ದು. ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ ಮೊದಲಾದ ಸಣ್ಣ ವೆಚ್ಚಗಳು ಅದರಿಂದಲೇ ಸಾಗುವುವು. ಆದಕಾರಣ ಕೋಳಿಗೆ ಕಾಹಿಲೆ ತಗಲಿದೊಡನೆ ಮನೆಯವರು ಅರಿಸಿನ, ಬೆಳ್ಳುಳ್ಳಿ, ಮೆಣಸು, ಬೇವು ಮುಂತಾದವುಗಳಿಂದ ಉಪಚಾರಕ್ಕೆ ತೊಡಗುವುದು ಸಹಜ. ಇವುಗಳಲ್ಲಿ ಯಾವುದು ಸಫಲ, ಯಾವುದು ನಿಷ್ಫಲ, ಯಾವುದು ಅಪಾಯಕರ ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅರಿತು ಇತರರಿಗೆ ತಿಳಿಸುವುದು ಅವಶ್ಯಕ.

ಮನೆಯ ಉಪಚಾರ ಸಲ್ಲುವ ರೋಗಗಳು.— ಮೈಮೇಲಿನ ಹೇನಿಗೆ ಬೂದಿಯು ಒಳ್ಳೆಯ ಉಪಾಯ. ಒಣಗಿದ ಮರಳುಮಣ್ಣಿಗೆ ಜರಡಿಯಾಡಿದ ತಣ್ಣನೆಯ ಬೂದಿಯನ್ನು ಬೆರಸಿ ಮಳೆಬೀಳದ ಸ್ಥಳದಲ್ಲಿ ಹರಡಿದರೆ, ಕೋಳಿಗಳು ತಾವಾಗಿಯೇ ಹೊರಳಾಡಿ ಹೇನನ್ನು ಕಡಿಮೆಮಾಡಿಕೊಳ್ಳುವುವು. ಕಾಲಿನ ಹುರುಪೆಗಳು ಎದ್ದು ದಪ್ಪಗಾಗುವುದಕ್ಕೆ ಬಹಳ ಸೂಕ್ಷ್ಮವಾದ ನುಸಿ ಕಾರಣ. ಕಾಲುಗಳನ್ನು ಉಗುರುಬೆಚ್ಚಗಿರುವ ಸಾಬೂನುನೀರಿನಲ್ಲಿ ನೆನೆಯಿಸಿ, ಸಡಿಲವಾದ ಹುರುಪೆಯನ್ನು ಮೃದುವಾಗಿ ಉಜ್ಜಿ ತೆಗೆದು, ಕೊಬ್ಬರಿ ಎಣ್ಣೆಯನ್ನು ಹಚ್ಚಬೇಕು. ಕೆಲವು ವಾರಗಳವರೆಗೆ ಹೀಗೆ ಮಾಡಿದರೆ ಗುಣವಾಗುವುದು. ಕೋಳಿ ಉಣ್ಣೆಯಾದರೋ ಹಗಲು ಗೂಡಿನ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತವನ್ನು ಹೀರುವುದು. ಆದುದರಿಂದ ಇಲ್ಲಿ ಚಿಕಿತ್ಸೆ ಬೇಕಾದದ್ದು ಗೂಡಿಗೇ. ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯತಕ್ಕದ್ದು.

ಹೊಗೆಸೊಪ್ಪಿನ ಕಷಾಯದಲ್ಲಿ ಕೋಳಿಯನ್ನು ಅದ್ದುವ ಪದ್ಧತಿ ಕೆಲವೆಡೆ ಉಂಟು. ಅದರ ವಿಷವು ಚರ್ಮದ ಮೂಲಕ ಒಳಸೇರಿ ಹೇನಿನೊಂದಿಗೆ ಕೋಳಿಯೂ ಸಾಯಬಹುದು. ಇದನ್ನು ಬಿಡಬೇಕು.

ಕೊಕ್ಕರೆ ರೋಗ.— ಇದು ೧೯೨೬ ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿಯೂ ಗುರುತಿಸಲ್ಪಟ್ಟಿತು. ನಮ್ಮ ದೇಶದಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಕಂಡುಬಂದುದರಿಂದ ಆ ಹೆಸರೂ ಬಂದಿತು. ಕೋಳಿಯು ಮಂಕಾಗಿ ಮೇವು ಬಿಡುವುದು, ಬಾಯ್ದೆರೆದು ಉಸಿರಾಡುವುದು, ಹಸುರು ಬಣ್ಣದ ನೀರಾದ ಹಿಕ್ಕೆ, ಕತ್ತು ತಿರುಚಿಕೊಳ್ಳುವುದು, ಕಾಲು ರೆಕ್ಕೆಗಳ ಸ್ವಾಧೀನ ತಪ್ಪುವುದು—ಇವು ಇದರ ಚಿಹ್ನೆಗಳು. ವೈರಸ್ಸಿನಿಂದ ಬರತಕ್ಕ ಈ ರೋಗವನ್ನು ಗುಣಪಡಿಸುವ ಔಷಧವು ಮನೆಯಲ್ಲಿಯೂ ಇಲ್ಲ, ಆಸ್ಪತ್ರೆಯಲ್ಲಿಯೂ ಇಲ್ಲ.

ಹೀಗಿದ್ದೂ ಮದ್ದಿನಲ್ಲಿ ನಂಬಿಕೆ ಏಕೆ? ಒಂದು ಗ್ರಾಮದಲ್ಲಿ ಬೆಳ್ಳುಳ್ಳಿ ಮೆಣಸಿನ ಉಂಡೆ ತಿನ್ನಿಸಿದ ರೈತನೊಬ್ಬನು ಉಳಿದ ಮೂರು ಕೋಳಿಗಳನ್ನು ನನಗೆ ತೋರಿಸಿ ಅದು ಮದ್ದಿನ ಗುಣವೆಂದನು. ಏನನ್ನೂ ಕೊಡದಿದ್ದ ನೆರೆಮನೆಯಲ್ಲಿಯೂ ಅಷ್ಟೇ ಕೋಳಿಗಳು ಉಳಿದಿದ್ದುವು. ಹಿಂಡಿನಲ್ಲಿ ಕೆಲವು ತಮ್ಮ ದೇಹಶಕ್ತಿಯಿಂದಲೇ ಉಳಿಯುವುವು. ಕೀರ್ತಿ ಮದ್ದಿಗೆ ಸಲ್ಲುವುದು. ಮದ್ದು ಮಾಡುತ್ತ ಕಳೆದ ದಿನಗಳಲ್ಲಿ ಆತನು ಮಂಕಾದ ಕೆಲವನ್ನು ಸಂತೆಗೆ ಒಯ್ದು ಮಾರಿದ್ದನು. ಮುಂದಿನ ವಾರ ಪಕ್ಕದ ಗ್ರಾಮದಲ್ಲಿ ರೋಗ ಕಾಣಿಸಿತು.

ತಡೆಯುವ ವಿಧಾನ.— ಲಸಿಕೆಯೊಂದೇ ಮಾರ್ಗ. ಮರಿಗಳಿಗೆ ೫ ರಿಂದ ೭ ದಿನಗಳಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ತೊಟ್ಟು ಹಾಕಿಸಿ, ಸುಮಾರು ೮ ವಾರಗಳಾದಾಗ ರೆಕ್ಕೆಯ ಚರ್ಮದಡಿ ಚುಚ್ಚಿಸತಕ್ಕದ್ದು. ಆರೋಗ್ಯವಾಗಿರುವಾಗಲೇ ಹಾಕಿಸಬೇಕು. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ೧೦೦ ಅಥವಾ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆಯಿರುವುದು. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಗಳುಳ್ಳ ಬಡವಳು ಒಬ್ಬಳೇ ಇದನ್ನು ಮಾಡಿಸಲಾರಳು. ಮುಖಂಡರು ಒಂದು ದಿನವನ್ನು ಗೊತ್ತುಮಾಡಿ, ಪಶುವೈದ್ಯರಿಗೆ ಮುಂಚಿತವಾಗಿ ತಿಳಿಸಿ, ಸಾರಿಸಿದರೆ, ಕೋಳಿಗಳನ್ನು ಹೊರಕ್ಕೆ ಬಿಡುವ ಮುನ್ನ ಬೆಳಗಿನಲ್ಲಿಯೇ ಊರೆಲ್ಲದರ ಕೆಲಸ ಮುಗಿಯುವುದು.

ರೋಗ ಬಂದಮೇಲೆ.— ಕಾಹಿಲೆಯ ಕೋಳಿಗಳನ್ನು ಬೇರ್ಪಡಿಸಿ, ಸತ್ತವುಗಳನ್ನು ಆಳವಾಗಿ ಸುಣ್ಣಹಾಕಿ ಹೂಳಬೇಕು. ಹಳ್ಳಕ್ಕೆ ಎಸೆಯಕೂಡದು, ಸಂತೆಗೆ ಕಳುಹಿಸಕೂಡದು. ಅನೇಕ ಹಕ್ಕಿಗಳು ಒಮ್ಮೆಗೇ ಸತ್ತರೆ ಅದು ಮನುಷ್ಯರಿಗೂ ತಗಲಬಲ್ಲ ಹಕ್ಕಿಜ್ವರವೂ ಆಗಿರಬಹುದು. ಬರಿಗೈಯಿಂದ ಮುಟ್ಟದೆ, ಕೊಯ್ಯದೆ, ಪಶು ಆಸ್ಪತ್ರೆಗೆ ತಿಳಿಸಬೇಕು. ಇಂಥ ರೋಗಗಳನ್ನು ವರದಿಮಾಡುವುದು ೨೦೦೯ ರ ಕಾಯಿದೆಯಂತೆ ಕರ್ತವ್ಯವೂ ಆಗಿದೆ.

ಅರಿಸಿನ ಬೇವುಗಳನ್ನು ನಾವು ಹಳಿಯುವುದಿಲ್ಲ. ಹೊರಮೈಯ ಪೀಡೆಗೆ ಮನೆಯ ಉಪಚಾರವೂ, ಊರೊಡೆಯುವ ರೋಗಕ್ಕೆ ಊರೊಟ್ಟಿನ ಲಸಿಕೆಯೂ ಎಂಬ ಭೇದವನ್ನು ಮುಖಂಡರು ಮನಗಾಣಿಸಿದರೆ ಎಷ್ಟೋ ಬಡಮನೆಗಳ ಗೂಡು ಬರಿದಾಗದೆ ಉಳಿಯುವುದು.