ಮಳೆಗೆ ಕರಗದ ಮದ್ದು



ಮೈಲುತುತ್ತ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಕೊನೆಯ ಮೇಲೆ ಒಣಗಿದ ಬೋರ್ಡೋ ಮದ್ದು ಮಾತ್ರ ಆಷಾಢದ ಮಳೆಗೂ ಸುಲಭವಾಗಿ ಕರಗದು. ಎರಡರಲ್ಲಿಯೂ ಇರುವುದು ಅದೇ ತಾಮ್ರ. ಈ ವ್ಯತ್ಯಾಸ ಎಲ್ಲಿಂದ ಬಂತು? ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ನಾವು ಇದನ್ನು ತಿಳಿದಿರುವುದು ಅಗತ್ಯ. ಕೊಳೆ ರೋಗಕ್ಕೆ ಬೆಳೆ ಉದುರುವುದೋ ಉಳಿಯುವುದೋ ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಪರಮಾಣುಗಳು ಬಾಗಿದ ಆಕಾರದಲ್ಲಿ ಕೂಡಿಕೊಂಡಿವೆ. ಆಮ್ಲಜನಕವು ಇಲೆಕ್ಟ್ರಾನುಗಳನ್ನು ತನ್ನೆಡೆಗೆ ಹೆಚ್ಚು ಎಳೆಯುವುದರಿಂದ ಅದರ ಬದಿಗೆ ತುಸು ಋಣ ವಿದ್ಯುತ್ತು, ಜಲಜನಕದ ಬದಿಗೆ ತುಸು ಧನ ವಿದ್ಯುತ್ತು ಉಂಟಾಗುತ್ತದೆ. ಇಂಥದನ್ನು ಧ್ರುವೀಯ ಅಣು ಎನ್ನುತ್ತಾರೆ. ಮೈಲುತುತ್ತದ ಹರಳಿನಲ್ಲಿಯೂ ತಾಮ್ರಕ್ಕೆ ಧನ, ಸಲ್ಫೇಟಿಗೆ ಋಣ ವಿದ್ಯುತ್ತಿದೆ. ನೀರಿನ ಅಣುಗಳು ಎರಡನ್ನೂ ಸುತ್ತುವರಿದು ಬೇರ್ಪಡಿಸುತ್ತವೆ. ಕರಗುವುದೆಂದರೆ ಇದೇ.

ಎಣ್ಣೆ, ಮೇಣಗಳ ಸರಪಳಿಯಂಥ ಅಣುಗಳಲ್ಲಿ ಇಂಥ ಧ್ರುವಗಳು ಇಲ್ಲವೆನ್ನುವಷ್ಟು ಕಡಿಮೆ. ನೀರಿನ ಅಣುಗಳು ಅವುಗಳನ್ನು ಬಿಟ್ಟು ತಮ್ಮತಮ್ಮಲ್ಲೇ ಹಿಡಿದುಕೊಂಡು ಹನಿಗಟ್ಟುತ್ತವೆ. ಎಳೆ ಅಡಿಕೆಯ ಮೇಣದ ಹೊದಿಕೆಯಿಂದ ಮದ್ದು ಜಾರುವುದು ಇದರಿಂದಲೇ.

ಬರಿಯ ಮೈಲುತುತ್ತದ ನೀರನ್ನು ಹೊಡೆದರೆ ಎಳೆಯ ಭಾಗ ಸುಟ್ಟೀತು, ಉಳಿದದ್ದನ್ನು ಮೊದಲ ಮಳೆಯೇ ತೊಳೆದೀತು. ಸುಣ್ಣ ಕೂಡಿದಾಗ ತಾಮ್ರವು ಅದರ ಕ್ಷಾರದೊಡನೆ ಬಿಗಿಯಾಗಿ ಬಂಧಿಸಿಕೊಂಡು, ನೀರು ಬಿಡಿಸಲಾರದ ನೀಲಿ ಕಣವಾಗುತ್ತದೆ. ಒಣಗಿದ ಪೊರೆಯಿಂದ ಎಳ್ಳಷ್ಟೇ ತಾಮ್ರ ಕರಗಿ ಬರುತ್ತದೆ. ಕೊಳೆಯ ಬೀಜಾಣುವನ್ನು ತಡೆಯಲು ಅಷ್ಟು ಸಾಕು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮದ್ದು ಇದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಅಡಿಕೆಗೆ ಈ ಮದ್ದನ್ನು ಬಳಕೆಗೆ ತಂದ ಶ್ರೇಯಸ್ಸು ಅವರದು.

ಇನ್ನು ರಾಳ–ಸೋಡಾ. ಸೋಡಾ ಸೇರಿದಾಗ ರಾಳವು ಸಾಬೂನಿನಂತಾಗುತ್ತದೆ: ಒಂದು ತುದಿ ನೀರಿಗೆ ಒಲಿದದ್ದು, ಉಳಿದ ಮೈ ಮೇಣಕ್ಕೆ ಒಲಿದದ್ದು. ಮದ್ದಿನೊಳಗಿನ ಸುಣ್ಣದೊಡನೆ ಕೂಡಿ ಅದು ನೀರಿಗೆ ಕರಗದ ಅಂಟಾಗಿ ತಾಮ್ರವನ್ನು ಕಾಯಿಗೆ ಹಿಡಿಸುತ್ತದೆ.

ಶೇ. 1ರ ಮದ್ದಿಗೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿಯೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಚಿಪ್ಪಿಸುಣ್ಣವಾಗಲಿ ಕಲ್ಲುಸುಣ್ಣವಾಗಲಿ, ಹೊಸದಿರಬೇಕು. ಗಾಳಿಗೆ ಹಳತಾದ ಸುಣ್ಣ ಸತ್ವಗೆಟ್ಟಿರುತ್ತದೆ. ಉಜ್ಜಿ ಹೊಳಪಿಸಿದ ಚೂರಿಯನ್ನು ಮದ್ದಿನಲ್ಲಿ ಕೊಂಚ ಹೊತ್ತು ಅದ್ದಿ ನೋಡಿರಿ. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕೆಂದರ್ಥ. ಕದಡಿದ ಮದ್ದನ್ನು ಅಂದೇ ಮುಗಿಸಬೇಕು. ಮುಂಗಾರಿಗೆ ಮೊದಲು ಒಮ್ಮೆ, 40–45 ದಿನಗಳ ಮೇಲೆ ಮತ್ತೊಮ್ಮೆ ಹೊಡೆಯುವುದು ರೂಢಿ.

ಕೊನೆಗೌಡರು ಸಿಗುವುದೇ ದುರ್ಲಭವಾದ ಈ ದಿನಗಳಲ್ಲಿ ಕೆಟ್ಟ ಸಿಂಪರಣೆಯನ್ನು ತಿದ್ದಲು ಮಳೆ ಬಿಡುವು ಕೊಡದು. ಪೀಪಾಯಿಯ ಬಳಿ ನಾವೇ ನಿಂತು ನೋಡೋಣ. ಸುಣ್ಣದಲ್ಲಿ ಉಳಿಸಿದ್ದನ್ನು ಅಡಿಕೆಯಲ್ಲಿ ತೆರುವಂತಾಗಬಾರದು.