ಇಂಟರ್‌ವ್ಯೂ ಕೊಟ್ಟವರು ಯಾರು?

“ಏನಪ್ಪಾ, ಇಂಟರ್‌ವ್ಯೂ ಹೇಗಾಯಿತು?” ಎಂದರೆ ನಮ್ಮ ಹುಡುಗರು ಕನ್ನಡದಲ್ಲಿ ಸಲೀಸಾಗಿ ವರದಿ ಒಪ್ಪಿಸುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟಾಗ ನಾಲಿಗೆ ತೊಡರುತ್ತದೆ. ‘ಐ ಗೇವ್ ಆ್ಯನ್ ಇಂಟರ್‌ವ್ಯೂ’ ಎನ್ನುತ್ತಾರೆ. ಭಾರತದಲ್ಲಿ ಇದು ಅರ್ಥವಾಗುವ ಮಾತೇ. ಇಂಗ್ಲೆಂಡಿನವರ ಕಿವಿಗೆ ಮಾತ್ರ ಮಂತ್ರಿಯೋ ಸಿನಿಮಾ ನಟನೋ ಪತ್ರಕರ್ತರಿಗೆ ಸಂದರ್ಶನ ಕೊಟ್ಟಂತೆ ಕೇಳುತ್ತದೆ. ಕೆಲಸ ಕೇಳಲು ಹೋದವರು ‘ಐ ವೆಂಟ್ ಫಾರ್ ಆ್ಯನ್ ಇಂಟರ್‌ವ್ಯೂ’ ಎಂದರೆ ಸಾಕು. ತಮಾಷೆಯೆಂದರೆ, ‘ಇಂಟರ್‌ವ್ಯೂಗೆ ಹೋಗಿದ್ದೆ’ ಎಂಬ ನಮ್ಮ ಮನೆಮಾತಿನ ನೇರ ಅನುವಾದವೇ ಇಲ್ಲಿ ಸರಿಯಾದ ಇಂಗ್ಲಿಷು!

ಎಲ್ಲ ಕಡೆಯೂ ಕನ್ನಡ ಹೀಗೆ ಕೈಹಿಡಿಯುವುದಿಲ್ಲ. ‘2021ರಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆಮ್ ವರ್ಕಿಂಗ್ ಸಿನ್ಸ್ 2021’ ಆಗಿಬಿಡುತ್ತದೆ. ಅಂದು ಶುರುವಾಗಿ ಇಂದಿಗೂ ನಡೆದಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಕ್ರಿಯಾರೂಪವಿದೆ: ‘ಐ ಹ್ಯಾವ್ ಬೀನ್ ವರ್ಕಿಂಗ್’.

ಇವು ವ್ಯಾಕರಣದ ತಪ್ಪುಗಳು, ಅರ್ಥ ಕೆಡುವುದಿಲ್ಲ. ಅರ್ಥವೇ ಕೆಡುವ ಮಾತುಗಳೂ ಉಂಟು. ‘ಐ ಪಾಸ್ಡ್ ಔಟ್ ಇನ್ 2022’ ಎಂದರೆ ನಮಗೆ ಪದವಿ ಮುಗಿಸಿದ್ದು. ವಿದೇಶದವರಿಗೆ ಪ್ರಜ್ಞೆ ತಪ್ಪಿ ಬಿದ್ದದ್ದು! ‘ಗ್ರ್ಯಾಜುಯೇಟೆಡ್’ ಎನ್ನುವುದು ಕ್ಷೇಮ. ಇನ್ನು ‘ಡೌಟು’. ತರಗತಿಯಲ್ಲಿ ಕೈಯೆತ್ತಿ ‘ಡೌಟಿದೆ ಸರ್’ ಎಂದು ಕಲಿತ ಹುಡುಗಿ ಸಂಬಳದ ಮಾತು ಬಂದಾಗ ‘ಐ ಹ್ಯಾವ್ ಎ ಡೌಟ್’ ಎಂದರೆ, ಎದುರಿಗಿರುವ ವಿದೇಶಿ ಅಧಿಕಾರಿಗೆ ತನ್ನ ಮಾತನ್ನೇ ಈಕೆ ನಂಬುತ್ತಿಲ್ಲವೆನಿಸಬಹುದು. ಅಲ್ಲಿ ಬೇಕಾದದ್ದು ‘ಕ್ವೆಶ್ಚನ್’.

ಹಾಗೆಂದು ಬೆದರಬೇಕಿಲ್ಲ. ಬೆಂಗಳೂರಿನಲ್ಲಿ ಮೇಜಿನ ಆಚೆ ಕುಳಿತವರೂ ಬಹುಪಾಲು ಇದೇ ಇಂಗ್ಲಿಷಿನವರು. ಸರಿಯಾದ ಪದ ಹುಡುಕುತ್ತ ಬಾಯಿ ಕಟ್ಟಿ ಕೂರುವುದು ‘ಪಾಸ್ಡ್ ಔಟ್’ ಎಂದದ್ದಕ್ಕಿಂತ ಹೆಚ್ಚು ನಷ್ಟದ ಬಾಬತ್ತು. ಉತ್ತರ ಗೊತ್ತಿಲ್ಲದಿದ್ದರೆ ‘ಸಾರಿ ಸರ್, ಐ ಡೋಂಟ್ ನೋ’ ಎಂಬ ಸಾದಾ ಮಾತಿಗಿಂತ ಒಳ್ಳೆಯ ಇಂಗ್ಲಿಷಿಲ್ಲ.

ಅಂದಹಾಗೆ, ‘ಕ್ಯಾಂಡಿಡೇಟ್’ ಪದದ ಮೂಲ ಲ್ಯಾಟಿನ್ ಭಾಷೆ, ಬಿಳಿಯುಡುಪಿನವ ಎಂದರ್ಥ. ಪ್ರಾಚೀನ ರೋಮಿನಲ್ಲಿ ಅಧಿಕಾರ ಬಯಸಿದವರು ಸೀಮೆಸುಣ್ಣ ಉಜ್ಜಿ ಬೆಳ್ಳಗಾಗಿಸಿದ ಬಟ್ಟೆ ತೊಟ್ಟು ಜನರ ಮುಂದೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ವಂಶಾವಳಿ ಅಷ್ಟು ಹಳೆಯದು!

ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವೀಸಸ್ ಪರೀಕ್ಷೆಯಲ್ಲಿ ಇಂಟರ್‌ವ್ಯೂಗೆ ‘ಪರ್ಸನಾಲಿಟಿ ಟೆಸ್ಟ್’ ಎಂದು ಹೆಸರು. ಅದಕ್ಕೆ 275 ಅಂಕ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಅಲ್ಲಿಯೂ ಕನ್ನಡದಲ್ಲೇ ಉತ್ತರಿಸಬಹುದು. ಮೊದಲೇ ತಿಳಿಸಿರಬೇಕು, ಅಷ್ಟೆ.