ಒಟ್ಟಿಗೆ ಬದಲಿಸಿದರೆ ಲೆಕ್ಕ ತಪ್ಪದೇ?

ಪ್ರಶ್ನೆ: ಔಷಧದ ರಾಸಾಯನಿಕ ಕ್ರಿಯೆ ರೂಪಿಸುವವರು ತಾಪಮಾನ, ವೇಗವರ್ಧಕ ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತಾರಂತೆ. ಯಾವುದರಿಂದ ಏನಾಯಿತೆಂದು ತಿಳಿಯುವುದು ಹೇಗೆ?

ಉತ್ತರ: ಬದಲಾವಣೆ ಮನಬಂದಂತೆ ಇರುವುದಿಲ್ಲ. ತಾಪಮಾನ, ವೇಗವರ್ಧಕ, ದ್ರಾವಕ, ಪ್ರತಿಯೊಂದಕ್ಕೂ ಹೆಚ್ಚು–ಕಡಿಮೆ ಎಂಬ ಎರಡು ಮಟ್ಟ ಹಿಡಿದರೆ ಎಲ್ಲ ಜೋಡಣೆಗಳಿಗೂ ಸೇರಿ 8 ಪ್ರಯೋಗ. ನಾಲ್ಕರಲ್ಲಿ ಬಿಸಿ ಹೆಚ್ಚು, ನಾಲ್ಕರಲ್ಲಿ ಕಡಿಮೆ. ಮಿಕ್ಕೆರಡು ಅಂಶಗಳು ಎರಡೂ ಗುಂಪಿನಲ್ಲಿ ಸಮನಾಗಿ ಹಂಚಿರುತ್ತವೆ. ಹಾಗಾಗಿ ಸರಾಸರಿ ಇಳುವರಿಗಳ ವ್ಯತ್ಯಾಸವೇ ತಾಪಮಾನದ ಪ್ರಭಾವ. ಅದೇ ಎಂಟರಿಂದ ಉಳಿದವುಗಳ ಲೆಕ್ಕವೂ ಸಿಗುತ್ತದೆ.

ನಿಜವಾದ ಲಾಭ ಬೇರೆಯೇ. ವೇಗವರ್ಧಕ ಕಡಿಮೆಯಿದ್ದಾಗ ಇಳುವರಿ ಹೆಚ್ಚಿಸುವ ಬಿಸಿ, ವೇಗವರ್ಧಕ ಹೆಚ್ಚಿದ್ದಾಗ ಬರೀ ಕಲ್ಮಶ ಬೆಳೆಸಬಹುದು. ಒಂದೊಂದನ್ನೇ ಬದಲಿಸುವ ಹಳೆಯ ರೂಢಿಗೆ ಈ ಜಂಟಿ ಆಟ ಕಾಣದು.

ಅಂದಹಾಗೆ, ಈ ವಿಧಾನ ಬೆಳೆದದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ, ಸಂಖ್ಯಾಶಾಸ್ತ್ರಜ್ಞ ಫಿಶರ್ ಕೈಯಲ್ಲಿ. 1951ರಲ್ಲಿ ಬಾಕ್ಸ್ ಮತ್ತು ವಿಲ್ಸನ್ ಅದನ್ನು ರಾಸಾಯನಿಕ ಉದ್ಯಮಕ್ಕೆ ಹೊಂದಿಸಿದರು.